ಸಾಲಿನ ಹಿಂದೆ ನಿಂತ ಮಕ್ಕಳಿಗೂ ಆಟ ಸಿಗಲಿ

ಜೂನ್‌ನಲ್ಲಿ ಶಾಲೆ ಶುರುವಾಗಿ ಮಳೆ ಹಿಡಿದುಕೊಳ್ಳುವ ಹೊತ್ತಿಗೆ ನಮ್ಮ ಕಡೆ ಕ್ರೀಡಾಕೂಟದ ತಯಾರಿಯೂ ಶುರುವಾಗುತ್ತದೆ. ವಲಯ, ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಏಣಿಯ ಮೊದಲ ಮೆಟ್ಟಿಲಿಗೆ ಕಬಡ್ಡಿ, ವಾಲಿಬಾಲ್, ತ್ರೋಬಾಲ್, ಖೋ ಖೋ ತಂಡಗಳ ಹೆಸರು ಕೊಡಬೇಕು. ವೇಣೂರು ಹೋಬಳಿಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ 150 ಮಕ್ಕಳಿದ್ದಾರೆ ಎಂದಿಟ್ಟುಕೊಳ್ಳಿ. ನಾಲ್ಕೂ ತಂಡಗಳ ಪಟ್ಟಿಯನ್ನು ಅಕ್ಕಪಕ್ಕ ಇಟ್ಟರೆ ಹೆಸರುಗಳು ಹೆಚ್ಚುಕಡಿಮೆ ಅವೇ ಇರುತ್ತವೆ. ಕಬಡ್ಡಿಯಲ್ಲಿ ರೈಡ್ ಮಾಡುವ ಹುಡುಗನೇ ವಾಲಿಬಾಲಿನಲ್ಲಿ ಸ್ಮ್ಯಾಶ್ ಹೊಡೆಯುತ್ತಾನೆ, ಅಕ್ಟೋಬರ್ ಹೊತ್ತಿಗೆ ನೂರು ಮೀಟರ್ ಓಟಕ್ಕೂ ಉದ್ದಜಿಗಿತಕ್ಕೂ ಅವನದೇ ಹೆಸರು. ಉಳಿದ ನೂರು ಚಿಲ್ಲರೆ ಮಕ್ಕಳ ಪಾಲಿಗೆ ಶಾಲೆಯ ಕ್ರೀಡೆ ಎಂದರೆ ಕವಾಯತು ಮತ್ತು ಚಪ್ಪಾಳೆ. ಏಳನೇ ತರಗತಿ ಮುಗಿಯುವ ಹೊತ್ತಿಗೆ ಆ ಮನೆಗಳಲ್ಲಿ ಒಂದು ಮಾತು ಗಟ್ಟಿಯಾಗಿರುತ್ತದೆ: "ನಮ್ಮ ಮಗುವಿಗೆ ಆಟದಲ್ಲಿ ಆಸಕ್ತಿ ಇಲ್ಲ."

ನೀವು ಹೆತ್ತವರಾಗಿರಿ, ಪೀಟಿ ಮಾಷ್ಟ್ರಾಗಿರಿ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೋ ಯುವಕ ಮಂಡಲದ ಕಾರ್ಯದರ್ಶಿಯೋ ಆಗಿರಿ, ಆ ಮಾತನ್ನು ನಂಬುವ ಮೊದಲು ಇದನ್ನು ಯೋಚಿಸಿ. ಆಸಕ್ತಿ ಹುಟ್ಟಬೇಕಾದರೆ ಮೊದಲು ಚೆಂಡು ಕೈಗೆ ಬರಬೇಕು. ನಮ್ಮ ಕ್ರೀಡಾ ವ್ಯವಸ್ಥೆ ಇರುವುದು ಗೆಲ್ಲುವವರನ್ನು ಆರಿಸುವುದಕ್ಕೆ, ಮಕ್ಕಳನ್ನು ಆಡಿಸುವುದಕ್ಕಲ್ಲ. ಆರಿಸುವ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಮೂಡುಬಿದಿರೆಯ ಆಳ್ವಾಸ್, ಉಜಿರೆಯ ಎಸ್‌ಡಿಎಂನಂಥ ಸಂಸ್ಥೆಗಳು ಆಯ್ದ ಪ್ರತಿಭೆಗಳಿಗೆ ಹಾಸ್ಟೆಲು, ತರಬೇತಿ ಕೊಟ್ಟು ಬೆಳೆಸುತ್ತವೆ, ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ ಸಿಂಥೆಟಿಕ್ ಟ್ರ್ಯಾಕ್ ಇದೆ. ತುದಿಗೆ ತಲುಪಿದವರಿಗೆ ಕೊರತೆ ಕಡಿಮೆ. ಕೊರತೆ ಇರುವುದು ಮೊದಲ ಮೆಟ್ಟಿಲಿಗೂ ಕಾಲಿಡದವರಿಗೆ. 2020ರ ಫೆಬ್ರವರಿಯಲ್ಲಿ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು ಐಕಳ ಕಂಬಳದಲ್ಲಿ 142.5 ಮೀಟರ್ ಕರೆಯನ್ನು (ಕೋಣಗಳ ಓಟದ ಕೆಸರು ಹಾದಿ) 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೇ ಅವರತ್ತ ನೋಡಿತು, ಕೇಂದ್ರದ ಕ್ರೀಡಾ ಸಚಿವರು ಓಟದ ಪರೀಕ್ಷೆಗೆ ಕರೆದರು. ಒಬ್ಬ ವೇಗಿ ಕಂಡರೆ ಇಷ್ಟು ಬೇಗ ಎಚ್ಚರಗೊಳ್ಳುವ ನಾವು, ಅದೇ ಊರುಗಳ ಸಾವಿರಾರು ಮಕ್ಕಳು ವಾರಕ್ಕೆ ಎಷ್ಟು ನಿಮಿಷ ಓಡುತ್ತಾರೆ ಎಂದು ಕೇಳುವುದೇ ಇಲ್ಲ.

ಹೀಗೆ ಯಾಕಾಗುತ್ತದೆ?

ಮೊದಲ ಕಾರಣ ಮೈಯ ಬೆಳವಣಿಗೆ. ಹದಿಮೂರು ವರ್ಷದ ಇಬ್ಬರು ಮಕ್ಕಳ ದೇಹದ ಬೆಳವಣಿಗೆಯಲ್ಲಿ ಮೂರು ನಾಲ್ಕು ವರ್ಷದ ಅಂತರ ಇರಬಹುದು. ಹುಡುಗಿಯರು ಸಾಮಾನ್ಯವಾಗಿ ಹನ್ನೆರಡರ ಆಸುಪಾಸಿನಲ್ಲಿ, ಹುಡುಗರು ಹದಿನಾಲ್ಕರ ಆಸುಪಾಸಿನಲ್ಲಿ ಒಮ್ಮೆಲೇ ಎತ್ತರವಾಗುತ್ತಾರೆ. ಕೆಲವರದು ಬೇಗ, ಕೆಲವರದು ತಡ. ಆರನೇ ತರಗತಿಯಲ್ಲಿ ಎದ್ದು ಕಾಣುವವರು ಬಹುಪಾಲು ಬೇಗ ಬೆಳೆದವರು. ವಯಸ್ಸನ್ನು ಡಿಸೆಂಬರ್ 31ಕ್ಕೆ ಲೆಕ್ಕ ಹಾಕುವ ಕಡೆ ಜನವರಿಯಲ್ಲಿ ಹುಟ್ಟಿದ ಮಗು ಅದೇ ವರ್ಷದ ಡಿಸೆಂಬರಿನ ಮಗುವಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡದು, ಆದರೂ ಇಬ್ಬರೂ ಒಂದೇ ವಿಭಾಗ. ಕೆನಡಾದ ಐಸ್ ಹಾಕಿ ಆಟಗಾರರ ಜನ್ಮದಿನಗಳನ್ನು ನೋಡಿದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಮತ್ತು ಜೊತೆಗಾರರು ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಆಯ್ಕೆಯಾದ ತಂಡಗಳಲ್ಲಿ ಹೆಚ್ಚಿರುವುದನ್ನು 1985ರಲ್ಲೇ ತೋರಿಸಿದರು. ಆಮೇಲೆ ಬೇರೆ ಬೇರೆ ದೇಶ, ಬೇರೆ ಬೇರೆ ಆಟಗಳಲ್ಲೂ ಅದೇ ಕಂಡಿತು. (ಶಾಲೆಗೆ ಸೇರಿಸುವಾಗ ಎಲ್ಲರ ಹುಟ್ಟಿದ ದಿನವನ್ನೂ ಜೂನ್ 1 ಎಂದು ಬರೆಸುತ್ತಿದ್ದ ಕಾಲದಲ್ಲಿ ನಮ್ಮಲ್ಲಿ ಇದನ್ನು ಪತ್ತೆ ಹಚ್ಚುವುದೂ ಸಾಧ್ಯವಿರಲಿಲ್ಲ.) ಆಯ್ಕೆಯಾದವರಿಗೆ ಅಭ್ಯಾಸ ಹೆಚ್ಚು ಸಿಗುತ್ತದೆ, ಅಭ್ಯಾಸದಿಂದ ಅವರು ನಿಜವಾಗಿಯೂ ಮುಂದೆ ಹೋಗುತ್ತಾರೆ, ಆಗ ನಮ್ಮ ಆಯ್ಕೆ ಸರಿಯಾಗಿಯೇ ಇತ್ತು ಎಂದು ನಮಗೆ ಅನಿಸುತ್ತದೆ. ಇದು ಹಣ್ಣಡಿಕೆಯನ್ನು ಅಂಗಳದಲ್ಲಿ ಒಣಹಾಕಿದ ಮರುದಿನವೇ ಚಾಲಿ, ಪಟೋರ, ಕೋಕ ಎಂದು ವಿಂಗಡಿಸಲು ಕೂತ ಹಾಗೆ.

ಎರಡನೆಯ ಕಾರಣ ಈ ನೆಲದ್ದೇ. ಬಯಲುಸೀಮೆಯ ಊರುಗಳಂತೆ ನಮ್ಮಲ್ಲಿ ಮನೆಗಳು ಒತ್ತೊತ್ತಾಗಿಲ್ಲ. ಒಂದೊಂದು ತೋಟಕ್ಕೆ ಒಂದೊಂದು ಮನೆ, ನಡುವೆ ಗುಡ್ಡ, ತೋಡು, ರಬ್ಬರ್. ನಾರಾವಿ, ಮರೋಡಿ, ಪೆರಿಂಜೆ, ಸಿದ್ಧಕಟ್ಟೆ, ವಾಮದಪದವು ಎಲ್ಲಿ ನೋಡಿದರೂ ಮಗುವಿನ ಸಮವಯಸ್ಕರು ಕೂಗಳತೆಯಲ್ಲಿ ಇರುವುದು ಅಪರೂಪ. ಮನೆಗೆ ಎರಡು ಮೂರು ಮಕ್ಕಳಿದ್ದು, ಕೊಯ್ಲಾದ ಗದ್ದೆಗಳು ಬೇಸಿಗೆಯಲ್ಲಿ ಖಾಲಿ ಇದ್ದಾಗ ಕುಟ್ಟಿದೊಣ್ಣೆ, ಲಗೋರಿಗೆ ಜನ ಕೂಡುತ್ತಿತ್ತು. ಗದ್ದೆಗಳು ತೋಟಗಳಾದವು, ಮನೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯಿತು. ಈಗ ಹತ್ತು ಮಕ್ಕಳು ಒಟ್ಟಿಗೆ ಸೇರುವ ಜಾಗ ಎಂದರೆ ಶಾಲೆಯ ಮೈದಾನ ಒಂದೇ. ಅಲ್ಲಿ ಆಡದ ಮಗು ಮನೆಯಲ್ಲಿ ಆಡುತ್ತದೆ ಎಂಬ ಸಮಾಧಾನಕ್ಕೆ ಇಲ್ಲಿ ಜಾಗವಿಲ್ಲ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಷ್ಟು ಮೈದಣಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಜಗತ್ತಿನ 11ರಿಂದ 17 ವರ್ಷದ ಮಕ್ಕಳಲ್ಲಿ ಶೇ. 81ರಷ್ಟು ಮಂದಿ ಆ ಮಟ್ಟ ಮುಟ್ಟುತ್ತಿಲ್ಲ. ಹುಡುಗಿಯರಲ್ಲಿ ಇದು ಶೇ. 85.

ಹಾಗೆಂದು ಎಲ್ಲರನ್ನೂ ಸೇರಿಸಿಕೊಳ್ಳುವ ಆಟ ಈ ನೆಲಕ್ಕೆ ಹೊಸತಲ್ಲ. ಆಟಿ ತಿಂಗಳ ಕೆಸರುಗದ್ದೆಯಲ್ಲಿ ನಡೆಯುವ 'ಕೆಸರ್ಡ್ ಒಂಜಿ ದಿನ'ಕ್ಕೆ (ಕೆಸರಿನಲ್ಲಿ ಒಂದು ದಿನ) ಪುಟ್ಟ ಮಕ್ಕಳಿಂದ ಅಜ್ಜಿಯರವರೆಗೆ ಇಳಿಯುತ್ತಾರೆ, ಬಿದ್ದವರು ಎದ್ದು ಓಡುತ್ತಾರೆ, ಯಾರ ಕೈಯಲ್ಲೂ ಸ್ಟಾಪ್‌ವಾಚ್ ಇರುವುದಿಲ್ಲ. ವರ್ಷಕ್ಕೊಂದು ದಿನದ ಆ ಧೋರಣೆ ಉಳಿದ ದಿನಗಳ ಶಾಲಾ ಮೈದಾನಕ್ಕೆ ಬರಬೇಕು, ಅಷ್ಟೆ.

ಮಾಡಬಹುದಾದದ್ದು

1. ಸಾಲನ್ನು ಕರಗಿಸಿ. ನಲವತ್ತು ಮಕ್ಕಳು, ನಲವತ್ತು ನಿಮಿಷದ ಪಿರಿಯಡ್, ಒಂದು ಉದ್ದಜಿಗಿತದ ಹೊಂಡ. ಒಬ್ಬೊಬ್ಬರಿಗೆ ಒಂದು ನಿಮಿಷ ಹಿಡಿದರೂ ಪ್ರತಿ ಮಗುವಿಗೆ ಸಿಗುವುದು ಒಂದೇ ಜಿಗಿತ, ಮೂವತ್ತೊಂಬತ್ತು ನಿಮಿಷ ನಿಲ್ಲುವುದು. ಒಂದೇ ವಾಲಿಬಾಲ್ ಕೋರ್ಟ್ ಇದ್ದರೆ ಹನ್ನೆರಡು ಮಂದಿ ಆಡುತ್ತಾರೆ, ಇಪ್ಪತ್ತೆಂಟು ಮಂದಿ ನೋಡುತ್ತಾರೆ. ಇದರ ಬದಲು ಹತ್ತು ಹತ್ತು ಮಕ್ಕಳ ನಾಲ್ಕು ಗುಂಪು ಮಾಡಿ, ಮೈದಾನದ ನಾಲ್ಕು ಮೂಲೆಯಲ್ಲಿ ನಾಲ್ಕು ಚಟುವಟಿಕೆ ಇಡಿ: ಒಂದು ಕಡೆ ಚೆಂಡು ಎಸೆದು ಹಿಡಿಯುವುದು, ಒಂದು ಕಡೆ ಹಗ್ಗ ಜಿಗಿತ, ಒಂದು ಕಡೆ ಐದೈದು ಮಂದಿಯ ಪುಟ್ಟ ಕಬಡ್ಡಿ, ಮತ್ತೊಂದು ಕಡೆ ಚಿಕ್ಕ ಓಟ. ಎಂಟು ನಿಮಿಷಕ್ಕೊಮ್ಮೆ ಸೀಟಿ ಊದಿ ಗುಂಪು ಬದಲಿಸಿದರೆ ಪ್ರತಿ ಮಗುವೂ ಮೂವತ್ತು ನಿಮಿಷಕ್ಕಿಂತ ಹೆಚ್ಚು ಅಲುಗಾಡಿರುತ್ತದೆ. ಎರಡನೇ ಚೆಂಡು ಎಲ್ಲಿಂದ ಎಂಬ ಪ್ರಶ್ನೆ ಬರುತ್ತದೆ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಕ್ರೀಡಾ ಸಾಮಗ್ರಿಗೆಂದು ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000 ರೂಪಾಯಿವರೆಗೆ ಅವಕಾಶವಿದೆ. ಆ ಹಣದಲ್ಲಿ ಪಂದ್ಯದ ಗುಣಮಟ್ಟದ ಎರಡು ದುಬಾರಿ ಚೆಂಡಿಗಿಂತ ಸಾಧಾರಣ ಹತ್ತು ಚೆಂಡು, ಇಪ್ಪತ್ತು ಸ್ಕಿಪ್ಪಿಂಗ್ ಹಗ್ಗ ಬಂದರೆ ಲಾಭ. ಎಲ್ಲ ತರಗತಿಗೂ ಆಟದ ಸಾಮಗ್ರಿ, ಶಾಲೆಗೊಂದು ಮೈದಾನ ಇರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೇ ಹೇಳುತ್ತದೆ. ಕೇಳುವಾಗ ಸಂಕೋಚ ಬೇಡ.

2. ಅಭ್ಯಾಸವನ್ನು ಬಸ್ಸಿನ ಮೊದಲು ಮುಗಿಸಿ. ನಮ್ಮ ಕಡೆ ಮಗು ತಂಡದಿಂದ ಹೊರಗುಳಿಯಲು ದೊಡ್ಡ ಕಾರಣ ಪ್ರತಿಭೆಯಲ್ಲ, ಸಂಜೆಯ ಬಸ್ಸು. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಅಭ್ಯಾಸ ಎಂದ ಕೂಡಲೇ ಶಾಲಾ ವಾಹನದಲ್ಲಿ ಹೋಗುವವರು, ಗುಡ್ಡದ ದಾರಿಯಲ್ಲಿ ಒಬ್ಬರೇ ನಡೆಯಬೇಕಾದವರು, ಬಹುಮಟ್ಟಿಗೆ ಎಲ್ಲ ಹುಡುಗಿಯರು ತಾವಾಗಿಯೇ ಪಟ್ಟಿಯಿಂದ ಬಿಡುತ್ತಾರೆ. ಉಳಿಯುವುದು ಪೇಟೆಯ ಹತ್ತಿರ ಮನೆಯಿರುವವರು ಮತ್ತು ಬೈಕಿನಲ್ಲಿ ಕರೆದೊಯ್ಯಲು ಅಪ್ಪನೋ ಅಣ್ಣನೋ ಇರುವವರು. ಬೆಳಗ್ಗಿನ ಪ್ರಾರ್ಥನೆಗೆ ಮೊದಲಿನ ಅರ್ಧ ಗಂಟೆ, ಮಧ್ಯಾಹ್ನದ ಬಿಡುವಿನ ಕೊನೆಯ ಹದಿನೈದು ನಿಮಿಷ, ಶನಿವಾರದ ಕೊನೆಯ ಪಿರಿಯಡ್ ಇವೆಲ್ಲ ಎಲ್ಲ ಮಕ್ಕಳೂ ಶಾಲೆಯಲ್ಲಿರುವ ಹೊತ್ತು. ಊಟವಾದ ಕೂಡಲೇ ಓಟ ಬೇಡ. ಹಗುರವಾದ ಆಟ ಸಾಕು. ಯುವಕ ಮಂಡಲದವರು ಭಾನುವಾರ ಶಿಬಿರ ಮಾಡುವುದಾದರೆ ಶುರುವಾಗುವ ಮತ್ತು ಮುಗಿಯುವ ಸಮಯವನ್ನು ಆ ದಾರಿಯ ಬಸ್ಸಿನ ಸಮಯ ನೋಡಿ ಇಟ್ಟುಕೊಳ್ಳಲಿ. ಬರುವವರ ಮುಖಗಳೇ ಬದಲಾಗುತ್ತವೆ.

3. ಔಟಾದವರು ಮತ್ತೆ ಒಳಗೆ ಬರುವ ಆಟ ಆರಿಸಿ. ಸಂಗೀತ ಕುರ್ಚಿಯನ್ನೇ ನೋಡಿ: ಎಲ್ಲರಿಗಿಂತ ನಿಧಾನದ ಮಗು ಮೊದಲು ಹೊರಗೆ, ಚುರುಕಿನ ಮಗು ಕೊನೆವರೆಗೆ ಆಟದಲ್ಲಿ. ಅಭ್ಯಾಸ ಯಾರಿಗೆ ಬೇಕೋ ಅವರಿಗೆ ಎಲ್ಲರಿಗಿಂತ ಕಡಿಮೆ. ಕಬಡ್ಡಿ ಈ ವಿಷಯದಲ್ಲಿ ಜಾಣ ಆಟ. ತಂಡ ಎದುರಾಳಿಯನ್ನು ಔಟ್ ಮಾಡಿದರೆ ಹೊರಗಿದ್ದವರು ಒಳಗೆ ಬರುತ್ತಾರೆ. ಬೇರೆ ಆಟಗಳಿಗೂ ಇಂಥ ನಿಯಮ ಸೇರಿಸಿಕೊಳ್ಳಿ.

4. ನಾಕೌಟ್ ಬಿಟ್ಟು ಲೀಗ್ ಆಡಿಸಿ. ಹದಿನಾರು ತಂಡಗಳ ನಾಕೌಟ್ ಕಬಡ್ಡಿಯಲ್ಲಿ ಎಂಟು ತಂಡಗಳು ಒಂದೇ ಪಂದ್ಯಕ್ಕೆ ಮನೆಗೆ. ಬೆಳಗ್ಗೆ ಏಳಕ್ಕೆ ಜೀಪು ಹತ್ತಿ ಬಂದ ಮಕ್ಕಳು ಆಡಿದ್ದು ಹೆಚ್ಚೆಂದರೆ ಅರ್ಧ ಗಂಟೆ, ಆಮೇಲೆ ಸಂಜೆವರೆಗೆ ಕಾಯುವುದು. ಲೀಗ್‌ಗೆ ಸಮಯ ಸಾಲದು ಎಂಬುದು ಸಂಘಟಕರ ಸಾಮಾನ್ಯ ಉತ್ತರ. ಲೆಕ್ಕ ಹಾಕಿ ನೋಡೋಣ. ನಾಕೌಟ್‌ನಲ್ಲಿ ಒಟ್ಟು 15 ಪಂದ್ಯ. ಹದಿನೈದು ನಿಮಿಷದ ಎರಡು ಅವಧಿ, ನಡುವೆ ಐದು ನಿಮಿಷ, ತಂಡ ಬದಲಾಗಲು ಇನ್ನೈದು ಎಂದರೆ ಪಂದ್ಯಕ್ಕೆ 40 ನಿಮಿಷ, ಒಟ್ಟು 600 ನಿಮಿಷ. ಅದೇ ಹದಿನಾರು ತಂಡಗಳನ್ನು ನಾಲ್ಕು ನಾಲ್ಕರ ಗುಂಪು ಮಾಡಿದರೆ ಗುಂಪಿಗೆ 6ರಂತೆ 24 ಪಂದ್ಯ, ಜೊತೆಗೆ ಸೆಮಿಫೈನಲ್ ಎರಡು, ಫೈನಲ್ ಒಂದು, ಒಟ್ಟು 27. ಏಳು ನಿಮಿಷದ ಎರಡು ಅವಧಿ, ಎರಡು ನಿಮಿಷ ಬಿಡುವು, ನಾಲ್ಕು ನಿಮಿಷ ಬದಲಾವಣೆ ಎಂದು ಪಂದ್ಯಕ್ಕೆ 20 ನಿಮಿಷ ಇಟ್ಟರೆ 540 ನಿಮಿಷ. ಎರಡು ಅಂಕಣ ಹಾಕಿದರೆ ನಾಲ್ಕು ಗಂಟೆ 40 ನಿಮಿಷ. ನಾಕೌಟ್‌ಗಿಂತ ಬೇಗ ಮುಗಿಯಿತು, ಎಲ್ಲರಿಗಿಂತ ದುರ್ಬಲ ತಂಡಕ್ಕೂ ಮೂರು ಪಂದ್ಯ, 42 ನಿಮಿಷದ ಆಟ ಸಿಕ್ಕಿತು. ಮೊದಲ ಪಂದ್ಯದಲ್ಲಿ ಸೋತ ಮಕ್ಕಳು ಊಟಕ್ಕೆ ಮೊದಲು ಮತ್ತೊಂದು ಪಂದ್ಯಕ್ಕೆ ಇಳಿಯುತ್ತಾರೆ. ಆ ಎರಡನೇ ಪಂದ್ಯದಲ್ಲೇ ಅವರು ಕಲಿಯುವುದು. ಇಲಾಖೆಯ ಕೂಟಗಳ ನಿಯಮ ನಿಮ್ಮ ಕೈಯಲ್ಲಿಲ್ಲ, ನಿಜ. ಆದರೆ ಶಾಲೆಯ ಒಳಗಿನ ಪಂದ್ಯಗಳು, ಅಷ್ಟಮಿಯ ಮೊಸರುಕುಡಿಕೆ ದಿನದ ಸ್ಪರ್ಧೆಗಳು, ಫ್ರೆಂಡ್ಸ್ ಕ್ಲಬ್‌ಗಳು ಮಕ್ಕಳಿಗೆಂದು ಇಡುವ ಪಂದ್ಯಾಟಗಳು ಪೂರ್ತಿ ನಿಮ್ಮವೇ.

5. ಬೆಂಚಿಗೆ ನಿಯಮ ಮಾಡಿ. ಹೆಸರು ಕೊಟ್ಟ ಪ್ರತಿ ಮಗುವೂ ಪ್ರತಿ ಪಂದ್ಯದ ಒಂದು ಅವಧಿಯಾದರೂ ಆಡಬೇಕು ಎಂದು ಪಂದ್ಯಾಟದ ನಿಯಮಾವಳಿಯಲ್ಲೇ ಬರೆಯಿರಿ. ಎಲ್ಲ ತಂಡಕ್ಕೂ ಅದೇ ನಿಯಮ ಇದ್ದಾಗ ಯಾರಿಗೂ ನಷ್ಟವಿಲ್ಲ. ಬಾಯಿಮಾತಿನ ಒಪ್ಪಂದ ಸ್ಕೋರು ಸಮ ಆದ ಕೂಡಲೇ ಮರೆತುಹೋಗುತ್ತದೆ.

6. ಹುಡುಗಿಯರು ಬಿಟ್ಟುಹೋಗುವ ಕಾರಣಗಳನ್ನು ಒಂದೊಂದಾಗಿ ತೆಗೆಯಿರಿ. "ಅವರಿಗೆ ನಾಚಿಕೆ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರೆ ಏನೂ ಬದಲಾಗದು, ಯಾಕೆಂದರೆ ನಾಚಿಕೆಯ ಹಿಂದೆ ಸಾಮಾನ್ಯವಾಗಿ ಒಂದು ವಸ್ತು ಇರುತ್ತದೆ: ಬಟ್ಟೆ, ಬಾಗಿಲಿಗೆ ಚಿಲಕವಿಲ್ಲದ ಶೌಚಾಲಯ, ಬೇಲಿಯಾಚೆ ನಿಂತು ಮಾತಾಡುವ ಪಡ್ಡೆಗಳು, ಮುಟ್ಟಿನ ದಿನ ಯಾರಿಗೆ ಹೇಳುವುದೆಂಬ ಗೊಂದಲ. ಯೂನಿಫಾರ್ಮಿನ ಲಂಗದ ಬದಲು ಆಟದ ದಿನ ಸಡಿಲ ಪ್ಯಾಂಟಿಗೆ ಅನುಮತಿ ಕೊಡುವುದಕ್ಕೆ ಖರ್ಚಿಲ್ಲ. ತಂಡದೊಂದಿಗೆ ಹೋಗುವವರಲ್ಲಿ ಒಬ್ಬ ಟೀಚರ್ ಅಥವಾ ಒಬ್ಬ ತಾಯಿ ಖಂಡಿತ ಇರಲಿ. ಪ್ಯಾಡುಗಳು ಶಾಲೆಯಲ್ಲಿ ಕೈಗೆ ಸಿಗುವಂತಿರಲಿ. ಮುಟ್ಟಾದ ದಿನ ಆಡಬೇಕೋ ಬೇಡವೋ ಎಂಬುದನ್ನು ಹುಡುಗಿಯೇ ಹೇಳಲಿ. ಆಡಬಾರದೆಂದು ಇತರರು ನಿರ್ಧರಿಸುವುದಕ್ಕೆ ವೈದ್ಯಕೀಯ ಕಾರಣವಿಲ್ಲ. ಹುಡುಗಿಯರಿಗೆ ತ್ರೋಬಾಲ್, ಹುಡುಗರಿಗೆ ವಾಲಿಬಾಲ್ ಎಂಬ ಭಾಗವನ್ನು ಶಾಲೆಯೊಳಗಾದರೂ ಸಡಿಲಿಸಿ. ಮೈದಾನದ ನಡುಭಾಗವನ್ನು ಹುಡುಗರ ಅಂಡರ್‌ಆರ್ಮ್ ಕ್ರಿಕೆಟ್ ಹಿಡಿದಿರುತ್ತದೆ, ಹುಡುಗಿಯರು ಜಗಲಿ ಪಕ್ಕದ ಪಟ್ಟಿಯಲ್ಲಿರುತ್ತಾರೆ. ವಾರದಲ್ಲಿ ಮೂರು ದಿನ ನಡುಭಾಗ ಅವರದೆಂದು ನೋಟಿಸು ಬೋರ್ಡಿನಲ್ಲಿ ಹಾಕಿ. ಅದಕ್ಕಿಂತ ಅಗ್ಗದ ಸುಧಾರಣೆ ಇನ್ನೊಂದಿಲ್ಲ.

7. ಅಂಗವೈಕಲ್ಯ ಇರುವ ಮಗುವನ್ನು ಅಂಪೈರ್ ಮಾಡಿ ಕೂರಿಸಬೇಡಿ. ಒಮ್ಮೊಮ್ಮೆ ಅಂಪೈರ್ ಆಗಲಿ, ಎಲ್ಲರೂ ಆಗುವ ಹಾಗೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಕಲಮು ಕ್ರೀಡೆಯಲ್ಲಿ ಪಾಲ್ಗೊಳ್ಳುವ ಹಕ್ಕಿನ ಬಗ್ಗೆಯೇ ಇದೆ. ಕುಳಿತು ಆಡುವ ವಾಲಿಬಾಲ್‌ಗೆ ಅಂಕಣ 10 ಮೀಟರ್ ಉದ್ದ, 6 ಮೀಟರ್ ಅಗಲ, ನೆಟ್ಟಿನ ಎತ್ತರ ಒಂದು ಮೀಟರ್ ಚಿಲ್ಲರೆ. ಶಾಲೆಯ ಸಭಾಂಗಣವೋ ಮಾಡು ಹಾಕಿದ ರಂಗಮಂದಿರವೋ ಸಾಕು, ನೆಟ್ಟಿಗೆ ಹಗ್ಗವೂ ನಡೆಯುತ್ತದೆ. ಎಲ್ಲರೂ ನೆಲಕ್ಕೆ ಕೂತಾಗ ಕಾಲಿನ ತೊಂದರೆ ಇರುವ ಮಗುವಿಗೂ ಓಟಗಾರನಿಗೂ ಇರುವ ಅಂತರ ಬಹಳಷ್ಟು ಇಳಿಯುತ್ತದೆ. ಮತ್ತೊಂದು ಲಾಭವೂ ಇದೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಕೆಸರಾಗಿರುವ ನಮಗೆ ಇದು ಎಲ್ಲ ಮಕ್ಕಳಿಗೂ ಒಗ್ಗುವ ಮಳೆಗಾಲದ ಆಟ.

8. ಆಡಿಸುವವರ ನಾಲಿಗೆಗೆ ತರಬೇತಿ ಕೊಡಿ. ಪೀಟಿ ಮಾಷ್ಟ್ರಿಲ್ಲದ ಶಾಲೆಗಳಲ್ಲಿ ಹಳೆ ವಿದ್ಯಾರ್ಥಿ ಸಂಘದ ಹುಡುಗರೇ ಆಡಿಸುತ್ತಾರೆ. ಅವರ ಆಟ ಚೆನ್ನ, ಮಾತು ಒರಟು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೊನಾಲ್ಡ್ ಸ್ಮಿತ್, ಫ್ರ್ಯಾಂಕ್ ಸ್ಮೋಲ್ ಮಕ್ಕಳ ಬೇಸ್‌ಬಾಲ್ ಕೋಚ್‌ಗಳಿಗೆ ಕೆಲವೇ ಗಂಟೆಗಳ ತರಬೇತಿ ಕೊಟ್ಟರು: ಪ್ರಯತ್ನವನ್ನು ಹೊಗಳಿ, ತಪ್ಪಾದ ಕೂಡಲೇ ಧೈರ್ಯ ಹೇಳಿ ಸರಿ ಮಾಡುವ ವಿಧಾನ ತಿಳಿಸಿ, ಬೈಯಬೇಡಿ. ಆಟದ ತಂತ್ರದ ಬಗ್ಗೆ ಏನನ್ನೂ ಕಲಿಸಲಿಲ್ಲ. 1992ರಲ್ಲಿ ಪ್ರಕಟವಾದ ಫಲಿತಾಂಶದಂತೆ ತರಬೇತಿ ಇಲ್ಲದ ಕೋಚ್‌ಗಳ ಮಕ್ಕಳಲ್ಲಿ ಶೇ. 26 ಮಂದಿ ಮರುವರ್ಷ ಆಟ ಬಿಟ್ಟರು, ತರಬೇತಿ ಪಡೆದವರ ಮಕ್ಕಳಲ್ಲಿ ಶೇ. 5 ಮಾತ್ರ. ಎರಡೂ ಕಡೆ ಗೆಲುವಿನ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ.

ಬರುವ ಆಕ್ಷೇಪಗಳು

"ಹೀಗೆ ಎಲ್ಲರನ್ನೂ ಆಡಿಸುತ್ತಾ ಕೂತರೆ ಚಾಂಪಿಯನ್‌ಗಳು ಹುಟ್ಟುವುದು ಹೇಗೆ?" ಇದು ಬಲವಾದ ಆಕ್ಷೇಪ, ಹಗುರವಾಗಿ ತಳ್ಳುವಂಥದ್ದಲ್ಲ. ನಾರ್ವೆಯ ಕ್ರೀಡಾ ಒಕ್ಕೂಟ 1987ರಲ್ಲಿ ಮಕ್ಕಳ ಕ್ರೀಡೆಗೆ ನಿಯಮಾವಳಿ ತಂದಿತು. ಈಗಿನ ರೂಪದಲ್ಲಿ ಅದು ಹನ್ನೊಂದು ವರ್ಷದವರೆಗೆ ರ‍್ಯಾಂಕಿಂಗ್ ಪಟ್ಟಿ ಬೇಡ ಎನ್ನುತ್ತದೆ, ಹದಿಮೂರಾಗುವವರೆಗೆ ರಾಷ್ಟ್ರೀಯ ಚಾಂಪಿಯನ್‌ಶಿಪ್ ಇಲ್ಲ ಎನ್ನುತ್ತದೆ. ಸುಮಾರು 55 ಲಕ್ಷ ಜನರ ಆ ದೇಶ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 16 ಚಿನ್ನ ಗೆದ್ದಿತು. ಚಳಿಗಾಲದ ಒಂದೇ ಕೂಟದಲ್ಲಿ ಅಷ್ಟು ಚಿನ್ನ ಅದುವರೆಗೆ ಯಾರಿಗೂ ಸಿಕ್ಕಿರಲಿಲ್ಲ. ಆ ನಿಯಮದಿಂದಲೇ ಚಿನ್ನ ಬಂತು ಎನ್ನಲಾಗದು, ನಾರ್ವೆಗೆ ಹಣವಿದೆ, ಹಿಮವಿದೆ. ನಿಯಮ ಚಿನ್ನಕ್ಕೆ ಅಡ್ಡ ಬರಲಿಲ್ಲ ಎಂದಷ್ಟು ಹೇಳಬಹುದು, ನಮ್ಮ ವಾದಕ್ಕೆ ಅಷ್ಟು ಸಾಕು. ಇನ್ನೂ ನೇರವಾದ ಪುರಾವೆ ಜರ್ಮನಿಯ ಆರ್ನೆ ಗ್ಯುಲಿಶ್ ಮತ್ತು ಜೊತೆಗಾರರದು. ಆರು ಸಾವಿರಕ್ಕೂ ಹೆಚ್ಚು ಕ್ರೀಡಾಪಟುಗಳ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಜಗತ್ತಿನ ಅಗ್ರ ಮಟ್ಟಕ್ಕೆ ಏರಿದವರು ಬಾಲ್ಯದಲ್ಲಿ ಹಲವು ಆಟ ಆಡಿದವರು, ತಮ್ಮ ಮುಖ್ಯ ಆಟವನ್ನು ತಡವಾಗಿ ಶುರು ಮಾಡಿದವರು, ಆರಂಭದಲ್ಲಿ ನಿಧಾನವಾಗಿ ಮೇಲೆ ಬಂದವರು ಎಂದು ಕಂಡಿತು. ಬಾಲ್ಯದಲ್ಲೇ ಒಂದೇ ಆಟ ಹಿಡಿದವರು ಮಿಂಚಿದ್ದು ಮುಖ್ಯವಾಗಿ ಕಿರಿಯರ ವಿಭಾಗದಲ್ಲಿ. ಹದಿಮೂರರಲ್ಲಿ ತಾಲೂಕು ಗೆಲ್ಲಿಸುವ ದಾರಿಯೂ ಇಪ್ಪತ್ತೈದರಲ್ಲಿ ದೇಶಕ್ಕೆ ಆಡಿಸುವ ದಾರಿಯೂ ಒಂದೇ ಅಲ್ಲ ಎಂದಾಯಿತು.

"ಸ್ಪರ್ಧೆ ಇಲ್ಲದೆ ಮಕ್ಕಳು ಸೋಲು ಗೆಲುವು ಕಲಿಯುವುದು ಎಲ್ಲಿ?" ಸ್ಪರ್ಧೆ ತೆಗೆಯಿರಿ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ, ಲೀಗ್ ಕೂಡ ಸ್ಪರ್ಧೆಯೇ, ಅದರಲ್ಲಿ ಸೋಲಿನ ಪಾಠ ನಾಕೌಟ್‌ಗಿಂತ ಹೆಚ್ಚು. ಒಂದೇ ಪಂದ್ಯ ಸೋತು ಮನೆಗೆ ಹೋದವರಿಗೆ ಕಲಿತದ್ದನ್ನು ಪ್ರಯೋಗಿಸುವ ಅವಕಾಶವೇ ಇಲ್ಲ. ಮಕ್ಕಳಿಗೆ ಖುಷಿ ಕೊಡುವುದು ಏನೆಂದು ಅಮೆರಿಕದ ಅಮಾಂಡಾ ವೈಸೆಕ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಳೆಯ ಫುಟ್‌ಬಾಲ್ ಆಟಗಾರರನ್ನು ಕೇಳಿದಾಗ ಸಿಕ್ಕ 81 ಕಾರಣಗಳಲ್ಲಿ ಗೆಲುವು 48ನೇ ಸ್ಥಾನದಲ್ಲಿತ್ತು. ಮೇಲೆ ಇದ್ದದ್ದು ಕಷ್ಟಪಟ್ಟು ಆಡುವುದು, ಒಳ್ಳೆಯ ಕೋಚ್, ಸರಿಯಾಗಿ ನಡೆದುಕೊಳ್ಳುವ ಜೊತೆಗಾರರು. ಗೆಲುವಿನ ಹಸಿವು ಬೇಲಿಯಾಚೆ ನಿಂತ ದೊಡ್ಡವರಿಗೇ ಹೆಚ್ಚಿರಬೇಕು.

ಮೂರನೆಯದು ಮಾರ್ಕಿನ ಭಯ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿಯೊಂದಿಗೆ ಮೊದಲ ಸ್ಥಾನಕ್ಕೆ ಪೈಪೋಟಿ ನಡೆಸುವ ನಮ್ಮ ಜಿಲ್ಲೆಯಲ್ಲಿ ಎಂಟನೇ ತರಗತಿಯಿಂದಲೇ ಆಟದ ಪಿರಿಯಡ್ ಗಣಿತಕ್ಕೆ ಹೋಗುತ್ತದೆ. ಸ್ವೀಡನ್ನಿನ ಬುಂಕೆಫ್ಲೊ ಎಂಬಲ್ಲಿ 1999ರಿಂದ ಒಂಬತ್ತು ವರ್ಷ ಒಂದು ಗುಂಪಿನ ಮಕ್ಕಳಿಗೆ ಪ್ರತಿದಿನ ವ್ಯಾಯಾಮದ ತರಗತಿ, ಇನ್ನೊಂದು ಗುಂಪಿಗೆ ಮಾಮೂಲಿನಂತೆ ವಾರಕ್ಕೆ ಎರಡು ಕೊಟ್ಟು ನೋಡಿದರು. ಕೊನೆಯಲ್ಲಿ ಮುಂದಿನ ಹಂತದ ಓದಿಗೆ ಅರ್ಹರಾದವರು ಮೊದಲ ಗುಂಪಿನಲ್ಲಿ ಶೇ. 96, ಎರಡನೆಯದರಲ್ಲಿ ಶೇ. 89. ಆ ಪಿರಿಯಡ್ ಕಿತ್ತುಕೊಂಡದ್ದರಿಂದ ಅಂಕ ಏರಿತು ಎಂದು ತೋರಿಸಬೇಕಾದ ಹೊಣೆ ಕಿತ್ತುಕೊಂಡವರ ಮೇಲಿದೆ.

ಎಚ್ಚರಿಕೆಗಳು

ಸಿಡಿಲು: ಏಪ್ರಿಲ್, ಮೇ ಮತ್ತು ಅಕ್ಟೋಬರ್ ಮಧ್ಯಾಹ್ನಗಳಲ್ಲಿ ಗುಡುಗು ಕೇಳಿಸಿದ ಕೂಡಲೇ ಮೈದಾನ ಖಾಲಿ ಮಾಡಿ ಮಕ್ಕಳನ್ನು ಕಟ್ಟಡದೊಳಗೆ ಸೇರಿಸಿ. ಮರದಡಿ, ಶಾಮಿಯಾನದಡಿ ನಿಲ್ಲಿಸಬೇಡಿ. ಕೊನೆಯ ಗುಡುಗಿನ ಮೇಲೆ 30 ನಿಮಿಷ ಕಳೆದೇ ಆಟ ಮುಂದುವರಿಯಲಿ. ಫೈನಲ್ ಆಗಿದ್ದರೂ ಅಷ್ಟೆ.

ಮಳೆಗಾಲ: ಮುರಮಣ್ಣಿನ ಮೈದಾನ, ಪಾಚಿ ಹಿಡಿದ ಸಿಮೆಂಟು ಅಂಕಣ ಎರಡೂ ಜಾರುತ್ತವೆ. ಕಾಲಿನಲ್ಲಿ ಗಾಯವಿದ್ದ ಮಗುವನ್ನು ಕೆಸರಿಗೆ ಇಳಿಸಬೇಡಿ. ಇಲಿಜ್ವರ ಬರುವುದು ಆ ದಾರಿಯಲ್ಲೇ. ಆಟದ ನಂತರ ಸೋಪು ಹಾಕಿ ಕೈಕಾಲು ತೊಳೆಸಿ.

ಅತಿಯಾದ ಅಭ್ಯಾಸ: ಒಂದೇ ಆಟದ ತರಬೇತಿಯ ವಾರದ ಗಂಟೆಗಳು ಮಗುವಿನ ವಯಸ್ಸಿನ ಸಂಖ್ಯೆಯನ್ನು ಮೀರಬಾರದು ಎಂಬುದು ವೈದ್ಯರು ಕೊಡುವ ಸುಲಭ ಅಳತೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ವಾರಕ್ಕೆ ಒಂದೆರಡು ದಿನ ಆ ಆಟದಿಂದ ಬಿಡುವು ಇರಲಿ, ಒಂದೇ ಆಟಕ್ಕೆ ಕಟ್ಟುಬೀಳುವುದನ್ನು ಹದಿನೈದು ಹದಿನಾರರವರೆಗೆ ಮುಂದೂಡಿ ಎಂದು ಹೇಳಿದೆ. ಆಟಕ್ಕೆ ಮೊದಲಿನ ಹದಿನೈದು ನಿಮಿಷದ ಸರಿಯಾದ ವಾರ್ಮ್‌ಅಪ್ ಬಿಡಬೇಡಿ. ಫಿಫಾ ಮಕ್ಕಳಿಗಾಗಿ ರೂಪಿಸಿದ ಅಂಥ ಕ್ರಮ ಅಧ್ಯಯನದಲ್ಲಿ ಗಾಯಗಳನ್ನು ಶೇ. 48ರಷ್ಟು ತಗ್ಗಿಸಿತು.

ಮಕ್ಕಳ ಸುರಕ್ಷತೆ: ಹೊರಗಿನ ಪಂದ್ಯಕ್ಕೆ ಒಂದೇ ಮಗುವನ್ನು ಒಬ್ಬನೇ ಹಿರಿಯನ ಜೊತೆ ಕಳಿಸಬೇಡಿ, ಯಾರೆಷ್ಟೇ ಪರಿಚಿತರಾಗಿರಲಿ. ಎಲ್ಲಿಗೆ, ಯಾವ ಗಾಡಿಯಲ್ಲಿ, ಎಷ್ಟು ಹೊತ್ತಿಗೆ ವಾಪಸು ಎಂಬುದು ಮನೆಯವರಿಗೆ ಬರವಣಿಗೆಯಲ್ಲಿ ತಿಳಿದಿರಲಿ. ಪೋಕ್ಸೊ ಕಾಯ್ದೆ, 1098 ಸಹಾಯವಾಣಿ ಬಗ್ಗೆ ಮಕ್ಕಳಿಗೂ ಗೊತ್ತಿರಲಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ತಪ್ಪಿಗೆ ಮೈದಾನಕ್ಕೆ ಹತ್ತು ಸುತ್ತು ಓಡಿಸುವುದು ಎಲ್ಲಕ್ಕಿಂತ ಹಳೆಯದು. ದೈಹಿಕ ಶಿಕ್ಷೆಯನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ನಿಷೇಧಿಸಿದೆ ಎಂಬುದು ಒಂದು ಮಾತು. ಓಟವೆಂದರೆ ದಂಡನೆ ಎಂದು ಕಲಿತ ಮಗು ಮುಂದೆ ಸ್ವಂತ ಇಷ್ಟದಿಂದ ಓಡುವುದಿಲ್ಲ ಎಂಬುದು ಇನ್ನೊಂದು. ಇಬ್ಬರು ನಾಯಕರನ್ನು ನಿಲ್ಲಿಸಿ ಒಬ್ಬೊಬ್ಬರನ್ನೇ ಆರಿಸಲು ಬಿಡುವುದು ಕೂಡ ಕ್ರೂರ. ಕೊನೆಗೆ ಉಳಿಯುವ ಮಗು ಯಾರೆಂದು ಇಡೀ ತರಗತಿಗೆ ಮೊದಲೇ ಗೊತ್ತಿರುತ್ತದೆ. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ ಗುಂಪು ಮಾಡಿ. ಎಲ್ಲರಿಗೂ ಒಂದೊಂದು ಪದಕ ಹಂಚಿದರೆ ಎಲ್ಲರನ್ನೂ ಸೇರಿಸಿಕೊಂಡಂತೆ ಎಂದು ತಿಳಿಯುವುದು ಮತ್ತೊಂದು ತಪ್ಪು. ಮಕ್ಕಳಿಗೆ ಅದರ ಬೆಲೆ ಚೆನ್ನಾಗಿ ಗೊತ್ತು. ಆ ಹಣಕ್ಕೆ ಚೆಂಡು ತನ್ನಿ. ಮನೆಯವರು ಮಾಡುವ ತಪ್ಪು ಚಿಕ್ಕದು, ದಿನಾ ಆಗುವಂಥದ್ದು: ಪಂದ್ಯದಿಂದ ಬಂದ ಮಗುವಿನ ಹತ್ತಿರ ಮೊದಲು "ಗೆದ್ದಿರಾ?" ಎಂದು ಕೇಳುವುದು. "ಎಷ್ಟು ಹೊತ್ತು ಆಡಿದಿ ಮಗಾ?" ಎಂದು ಕೇಳಿ ನೋಡಿ. ಉತ್ತರ ನಿಮಗೂ ಮಾಷ್ಟ್ರಿಗೂ ಬೇಕಾದದ್ದೇ ಆಗಿರುತ್ತದೆ.

ಇಷ್ಟನ್ನೂ ಒಟ್ಟಿಗೆ ಶುರು ಮಾಡಲು ಹೋದರೆ ಯಾವುದೂ ನಿಲ್ಲದು. ಜೂನ್‌ನಲ್ಲಿ ಸಾಲು ಕರಗಿಸುವುದರಿಂದ, ಕುಳಿತು ಆಡುವ ವಾಲಿಬಾಲಿನಿಂದ ಆರಂಭಿಸಿ. ಅಷ್ಟಮಿಯ ಪಂದ್ಯಗಳಿಗೆ ಲೀಗ್ ತನ್ನಿ. ದಸರಾ ರಜೆ ಮುಗಿದ ಮೇಲೆ ಅಭ್ಯಾಸದ ಸಮಯ ಬದಲಿಸಿ. ಜೊತೆಗೆ ಒಂದು ಪುಸ್ತಕ ಇಡಿ. ಪ್ರತಿ ಮಗುವಿನ ಹೆಸರಿನ ಮುಂದೆ ಆ ತಿಂಗಳು ಎಷ್ಟು ದಿನ ಆಡಿತು, ಒಂದು ಪಂದ್ಯದಲ್ಲಾದರೂ ಕಣಕ್ಕಿಳಿಯಿತೇ ಎಂದು ಎರಡೇ ಕಾಲಂ. ಏಳನೇ ತರಗತಿಯ ಮಕ್ಕಳೇ ಬರೆದಾರು. ಖಾಲಿ ಉಳಿದ ಹೆಸರುಗಳನ್ನು ತಿಂಗಳ ಕೊನೆಗೆ ಎಸ್‌ಡಿಎಂಸಿ ಸಭೆಯಲ್ಲಿ ಓದಿ, ಒಬ್ಬೊಬ್ಬರ ಬಗ್ಗೆಯೂ ಕಾರಣ ಕೇಳಿ: ಬಸ್ಸೋ, ಬಟ್ಟೆಯೋ, ಬೈಗುಳವೋ, ಬೇರೇನೋ. ಮರುತಿಂಗಳ ಯೋಜನೆ ಆ ಪಟ್ಟಿಯಿಂದಲೇ ಆಗಲಿ.